ಒಂದೂವರೆ ಚಮಚ ಬೀಜ

ಪರದೇಶದ ಈ ಚಳಿಯ ಊರಿನಲ್ಲಿ ಮೇ ತಿಂಗಳು ಅರ್ಧ ಕಳೆದಿತ್ತು. ಇನ್ನು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುರುಗೆಪ್ಪ ಗರಾಜಿನಲ್ಲಿದ್ದ ಮೆಣಸಿನಕಾಯಿ ಸಸಿಗಳನ್ನು ಒಂದೊಂದೇ ಟ್ರೇಯಾಗಿ ಹಿತ್ತಲಿಗೆ ಹೊತ್ತು ತಂದ. ಮಡಿ ಕಡಿದು, ಗೊಬ್ಬರ ಬೆರೆಸಿ, ಸಾಲು ಎಳೆದು ಆಗಿತ್ತು. ಬೇರೆ ವರ್ಷಗಳಲ್ಲಿ ಇದು ಒಂದು ಬೆಳಗಿನ ಕೆಲಸ. ಈ ವರ್ಷ ನಾಲ್ಕು ಸಸಿ ನೆಟ್ಟರೆ ಬಕೀಟು ಬೋರಲು ಹಾಕಿ ಅದರ ಮೇಲೆ ಕೂರಬೇಕಾಗುತ್ತಿತ್ತು.

ಲಿವರಿನಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾದದ್ದು ಚಳಿಗಾಲದಲ್ಲಿ. ಐವತ್ತು ವರ್ಷದಿಂದ ರಕ್ತದಲ್ಲೇ ಇದ್ದಿರಬಹುದು ಅಂದರು ಡಾಕ್ಟರು. ಮುರುಗೆಪ್ಪನಿಗೆ ಕುಂದಗೋಳದ ಕಡೆಯ ತನ್ನೂರಿನ ಕಂಪೌಂಡರ್ ನೆನಪಾದ. ಬೆಳಿಗ್ಗೆ ಒಮ್ಮೆ ಸ್ಟೋವಿನ ಮೇಲೆ ಸೂಜಿ ಕುದಿಸಿದರೆ ಸಂಜೆವರೆಗೂ ಊರಿಗೆಲ್ಲ ಅದೇ ಸೂಜಿ. ಆದರೆ ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಲಿವರ್ ಅಂದರೆ ಸಾಕು, ಜನ ಬಾಟಲಿಯ ಲೆಕ್ಕ ಹಾಕುತ್ತಾರೆ. ಹುಟ್ಟಿದಾಗಿನಿಂದ ಹೆಂಡ ಮುಟ್ಟದವನು ಕೇಳಿದವರಿಗೆಲ್ಲ ಅಸಿಡಿಟಿ ಎಂದು ಹೇಳಿಕೊಂಡು ಬಂದಿದ್ದ.

ಹನ್ನೆರಡು ವಾರದ ಮಾತ್ರೆ, ಈಗ ಆರನೇ ವಾರ. ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಹೆಂಡತಿ ರುದ್ರಮ್ಮ ಬಡಿದ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಹದಿನೆಂಟು ಪೌಂಡ್ ಇಳಿದ ಮೇಲೆ ಡಾಕ್ಟರು ಔಷಧಿಗೆಂದು ಗಾಂಜಾ ಕೊಳ್ಳುವ ಕಾರ್ಡ್ ಬರೆದುಕೊಟ್ಟರು. ಇದು ರೋಗ ವಾಸಿ ಮಾಡುವುದಿಲ್ಲ, ಅನ್ನ ಒಳಗೆ ಹೋಗುವ ಹಾಗೆ ಮಾಡುತ್ತದೆ, ಅಷ್ಟೇ. ಹೊಗೆ ಬೇಡ, ಯಂತ್ರದಲ್ಲಿ ಕಾಯಿಸಿ ಹಬೆ ಎಳೆದುಕೊಳ್ಳಿ ಎಂದರು. ಅಂಗಡಿಯವರು ಅದನ್ನು ಹೂವು ಅನ್ನುತ್ತಿದ್ದರು. ಮೊದಲ ದಿನ ಎರಡು ದಮ್ಮು ಎಳೆದು ಮುರುಗೆಪ್ಪ ಒಂದೂವರೆ ರೊಟ್ಟಿ ಉಂಡ. ರುದ್ರಮ್ಮ ಒಲೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಮರುದಿನ ಅವನು ಲಿಂಗಪೂಜೆಗೆ ಕೂರುವ ಮೊದಲು ಎರಡು ಸಲ ಸ್ನಾನ ಮಾಡಿದ.

ಹಿತ್ತಲ ಮೂಲೆಯಲ್ಲಿ ಸಲಕರಣೆ ಇಡುವ ಶೆಡ್ಡು. ಬಾಗಿಲು ಹಾಕಿಕೊಂಡು ಅಲ್ಲೇ ಎಳೆಯುತ್ತಿದ್ದ. ಆವತ್ತೂ ಅಲ್ಲಿಂದ ಹೊರಗೆ ಬಂದು ಐದನೇ ಸಸಿಗೆ ಕುಣಿ ತೋಡುತ್ತಿದ್ದಾಗ ಹಿತ್ತಲ ಗೇಟು ತೆರೆದು ಬದರೀನಾಥ ಒಳಗೆ ಬಂದ. ಆರು ವರ್ಷದ ಮೇಲೆ.

ಅದಕ್ಕೆ ಮೊದಲು ಹನ್ನೊಂದು ವರ್ಷ ಬದರೀನಾಥ ತಪ್ಪದೆ ಇಲ್ಲಿಂದ ಮೆಣಸಿನ ಬೀಜ ಒಯ್ಯುತ್ತಿದ್ದ. ಮೈಸೂರಿನವನಿಗೆ ಬ್ಯಾಡಗಿ ಮೆಣಸಿನಕಾಯಿಯ ರುಚಿ ಹತ್ತಿಸಿದವನೇ ಮುರುಗೆಪ್ಪ. ಬೀಜಕ್ಕೆ ಮುರುಗೆಪ್ಪ ತನ್ನಪ್ಪನ ಪದ್ಧತಿಯನ್ನೇ ಇಟ್ಟುಕೊಂಡಿದ್ದ: ಒಂದು ಸೇರು ಒಯ್ದವರು ಸುಗ್ಗಿಗೆ ಒಂದೂವರೆ ಸೇರು ತಂದು ಸುರಿಯಬೇಕು, ಬಾಕಿ ಉಳಿಸಿಕೊಂಡವನಿಗೆ ಮುಂದಿನ ವರ್ಷ ಬೀಜವಿಲ್ಲ. ಇಲ್ಲಿ ಸೇರಿನ ಬದಲು ಚಮಚ. ಬದರೀನಾಥ ಪ್ರತಿ ಅಕ್ಟೋಬರಿನಲ್ಲಿ ಚಮಚ ಹಿಡಿದು ಅಳೆದು ಕೊಡುವಾಗ ಇಬ್ಬರೂ ನಗುತ್ತಿದ್ದರು.

ಆರು ವರ್ಷದ ಹಿಂದೆ, ಬೀಜ ಒಯ್ದ ಮೇಲೆ ಅಕ್ಟೋಬರ್ ಬರುವುದರೊಳಗೆ, ಬದರೀನಾಥನ ಮಗ ವಸಿಷ್ಠನ ಕಾರಿನಲ್ಲಿ ಪೊಲೀಸರಿಗೆ ಗಾಂಜಾದ ಸಣ್ಣ ಪೊಟ್ಟಣ ಸಿಕ್ಕಿತು. ವಸಿಷ್ಠ ಆಗ ಭಾನುವಾರ ಕನ್ನಡ ಸಂಘದ ಮಕ್ಕಳಿಗೆ ತಬಲಾ ಕಲಿಸುತ್ತಿದ್ದ. ಮುರುಗೆಪ್ಪ ಸಂಘದ ಅಧ್ಯಕ್ಷ. ಒಳಗೆ ಕರೆದು ಹೇಳಬಹುದಿತ್ತು. ಅವನು ಸಭೆಯಲ್ಲಿ, ನಲವತ್ತು ಮಂದಿಯ ಎದುರು ಮೈಕು ಹಿಡಿದು, ಗಾಂಜಾ ಎಳಿಯೋರ ಕೈಯಾಗ ಮಕ್ಕಳನ್ನ ಕೊಡಾಕ ಬರೂದಿಲ್ಲ ಅಂದ. ಮೂಲೆಯಲ್ಲಿ ತಬಲಾಗೆ ಬಟ್ಟೆ ಸುತ್ತುತ್ತಿದ್ದ ವಸಿಷ್ಠ ತಲೆ ಎತ್ತಲಿಲ್ಲ. ಬದರೀನಾಥ ಎದ್ದು ಮಗನನ್ನು ಕರೆದುಕೊಂಡು ಹೋದ. ಎರಡು ವರ್ಷಕ್ಕೆ ರಾಜ್ಯದ ಕಾನೂನೇ ಬದಲಾಗಿ ರಸ್ತೆ ಬದಿಯಲ್ಲಿ ಗಾಂಜಾದ ಅಂಗಡಿಗಳು ಬಂದವು. ಮುರುಗೆಪ್ಪನ ಮಾತು ಮಾತ್ರ ಹಾಗೇ ಉಳಿಯಿತು.

ಈಗ ಬದರೀನಾಥ ಮಡಿಯ ಅಂಚಿನಲ್ಲಿ ನಿಂತು, ಮನೆ ಮಾರಿಬಿಟ್ಟೆವು, ಬುಧವಾರ ಟ್ರಕ್ ಬರುತ್ತದೆ, ಮಗಳು ಹಂಸಿನಿ ಇರುವ ಕಡೆ ಹೋಗುತ್ತಿದ್ದೇವೆ ಎಂದು ಹೇಳಿದ. ಜೇಬಿನಿಂದ ಒಂದು ಲಕೋಟೆ ತೆಗೆದ. ಮೇಲೆ ಅವನ ಹೆಂಡತಿ ಪದ್ಮಜಾಳ ಅಕ್ಷರದಲ್ಲಿ ‘ಮುರುಗೆಪ್ಪನವರದು, ಒಂದೂವರೆ ಚಮಚ’ ಎಂದಿತ್ತು.

"ಹಳೇದಲ್ಲ ಇದು," ಅಂದ. "ಪ್ರತಿ ವರ್ಷ ಹಾಕಿ ಹೊಸ ಬೀಜ ಮಾಡ್ಕೋತಾ ಬಂದ್ವಿ. ಋಣ ಇಟ್ಕೊಂಡು ಊರು ಬಿಡಬಾರದು ಅಂತ ಪದ್ಮಜಾ ಅಂದ್ಲು."

ಮುರುಗೆಪ್ಪ ಮಣ್ಣಿನ ಕೈಯಲ್ಲೇ ಲಕೋಟೆ ತೆಗೆದುಕೊಂಡ. ತನ್ನ ಜೊತೆ ಮಾತು ಬಿಟ್ಟ ಮನೆಯಲ್ಲಿ ಆರು ವರ್ಷ ತನ್ನ ಮೆಣಸಿನ ಗಿಡ ಬೆಳೆದಿತ್ತು. ಅಷ್ಟರಲ್ಲಿ ಗಾಳಿ ಶೆಡ್ಡಿನ ಕಡೆಯಿಂದ ವಾಸನೆ ಹೊತ್ತು ತಿರುಗಿತು. ಬದರೀನಾಥ ಮೂಗು ಅರಳಿಸಿದ್ದನ್ನು ಮುರುಗೆಪ್ಪ ಕಂಡ. ಅಡುಗೆಮನೆಯ ಕಿಟಕಿಯಲ್ಲಿದ್ದ ರುದ್ರಮ್ಮನೂ ಕಂಡಳು.

"ಬಾಜೂ ಮನ್ಯಾವ್ರು ನೋಡ್ರಿ ಅಣ್ಣಾರ," ಎಂದಳು ಗಡಬಡಿಸಿ. "ಹಗಲೆಲ್ಲ ಇದ ಆತು."

ಮುರುಗೆಪ್ಪ ನೆಲ ನೋಡಿದ. ಅಲ್ಲ ಅನ್ನಲಿಲ್ಲ.

ಬದರೀನಾಥ ಪಕ್ಕದ ಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, "ಹೇಳೋದಾದ್ರೆ ಅವರೊಬ್ಬರನ್ನೇ ಕರೆದು ಹೇಳಿ," ಅಂದ. "ಯಾವ ಕಷ್ಟಕ್ಕೆ ಸೇದ್ತಾರೋ ನಮಗೇನು ಗೊತ್ತು."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಮುರುಗೆಪ್ಪನಿಗೆ ಹಗುರಾಗುತ್ತಿತ್ತು. ಚಹಾ ಕುಡಿಯದೆ ಬದರೀನಾಥ ಗೇಟು ದಾಟಿದ. ಅವನು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮುರುಗೆಪ್ಪ ಏದುಸಿರು ಬಿಡುತ್ತ ಹಿಂದೆ ಬಂದು ನಿಂತ.

"ಬಾಜೂ ಮನ್ಯಾವ್ರಲ್ರೀ. ಅದು ನಂದು," ಎಂದ. ಲಿವರು, ಮಾತ್ರೆ, ಕಾರ್ಡು ಎಲ್ಲವನ್ನೂ ತಡವರಿಸುತ್ತ ಹೇಳಿದ. ಕಡೆಗೆ, "ವಸಿಷ್ಠಗ ನಾ ಹಂಗ ಅನಬಾರದಿತ್ತು," ಅಂದ.

ಬದರೀನಾಥ ಕಾರಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡ. ಎಷ್ಟು ವಾರ ಉಳಿದಿದೆ, ಊಟ ಸೇರುತ್ತದೆಯೇ ಎಂದು ವಿಚಾರಿಸಿದ. ಬೇಕಾದರೆ ಪದ್ಮಜಾ ಸಾರು ಮಾಡಿ ಕಳಿಸುತ್ತಾಳೆ ಎಂದ. ಆಮೇಲೆ ಹೇಳಿದ:

"ನೀವು ಅವತ್ತು ನಲವತ್ತು ಜನರ ಮುಂದೆ ಅಂದಿರಿ, ಮುರುಗೆಪ್ಪನವರೇ. ಇವತ್ತು ಕಾರಿನ ಹತ್ರ ಬಂದು ನನ್ನ ಕಿವಿಗೆ ಹೇಳ್ತಿದೀರಿ."

ಬರುವ ಭಾನುವಾರ ಸಂಘದ ಬಸವ ಜಯಂತಿ ಊಟವಿತ್ತು. ಅಲ್ಲೇ ಹೇಳತೀನಿ ಎಂದ ಮುರುಗೆಪ್ಪ. ಬದರೀನಾಥ ಕಾರು ಹತ್ತಿದ.

ಭಾನುವಾರ ದೇವಸ್ಥಾನದ ಸಭಾಂಗಣದಲ್ಲಿ ಅದೇ ನಲವತ್ತು ಮಂದಿ, ಮೇಲೆ ಇನ್ನಷ್ಟು. ಮುರುಗೆಪ್ಪ ಮಜ್ಜಿಗೆ ಬಡಿಸುವ ಕೆಲಸ ಹಿಡಿದ. ಸಂಘದ ಹುಡುಗಿ ರಾಜಿ, ಅಂಕಲ್ ಎಷ್ಟು ಇಳಿದುಹೋಗಿದ್ದೀರಿ, ನಮಗೂ ಆ ಡಯಟ್ ಹೇಳಿಕೊಡಿ ಎಂದು ನಗೆಯಾಡಿದಳು. ಅಸಿಡಿಟಿ ಎಂದ. ಊಟಕ್ಕೆ ಮೊದಲು ಕಾರ್ಯದರ್ಶಿ ಹರ್ಷಿತಾ ಹಳೆಯ ಅಧ್ಯಕ್ಷರು ಎರಡು ಮಾತಾಡಲಿ ಎಂದು ಮೈಕು ಅವನ ಕೈಗೇ ಕೊಟ್ಟಳು. ಪಂಕ್ತಿಯ ತುದಿಯಲ್ಲಿ ರುದ್ರಮ್ಮ ಸೆರಗು ಬಿಗಿಹಿಡಿದು ಕೂತಿದ್ದಳು. ಬದರೀನಾಥನ ಮನೆಯವರು ಯಾರೂ ಬಂದಿರಲಿಲ್ಲ. ಹೇಳಿದರೆ ಇವತ್ತೇ ರಾತ್ರಿ ಅವರಿಗೆ ಫೋನು ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮೈಕು ಬಾಯಿಯ ಹತ್ತಿರ ತಂದ. ಎದುರಿಗಿದ್ದ ಮುಖಗಳೆಲ್ಲ ಹಸಿದು ಕಾಯುತ್ತಿದ್ದವು.

"ಈ ಸಲ ಮೆಣಸಿನ ಸಸಿ ಭಾಳ ಅದಾವ," ಅಂದ. "ಬೇಕಾದವರು ಮನೀಗೆ ಬಂದು ಒಯ್ರಿ. ಎಲ್ಲಾರೂ ಸಾವಕಾಶ ಊಟ ಮಾಡ್ರಿ."

ಚಪ್ಪಾಳೆ ಬಿತ್ತು.

ಬುಧವಾರ ಬೆಳಿಗ್ಗೆ ಮಾತ್ರೆ ನುಂಗಿ ಹಿತ್ತಲಿಗೆ ಹೋದ. ಎಂಟು ಸಾಲಿನಲ್ಲಿ ಆರು ತುಂಬಿದ್ದವು. ಬದರೀನಾಥನ ಬೀಜವನ್ನು ಒಂದು ಟ್ರೇಗೆ ಹಾಕಿ ಮೊಳಕೆ ಬರಿಸಿ ಉಳಿದ ಎರಡು ಸಾಲಿಗೆ ನೆಡಬೇಕೆಂದು ಬಿಟ್ಟಿದ್ದ. ತಡವಾಗಿತ್ತು, ಆದರೂ ಆಗುತ್ತಿತ್ತು. ಲಕೋಟೆ ಬಿಚ್ಚಿ ಅಂಗೈಗೆ ಸ್ವಲ್ಪ ಸುರಿದುಕೊಂಡ. ತುಂಬಿದ, ಬಂಗಾರದ ಬಣ್ಣದ ಬೀಜ, ಒಂದೂ ಜೊಳ್ಳಿಲ್ಲ. ನೋಡುತ್ತ ನಿಂತು, ಬಾಕಿ ಉಳಿಸಿಕೊಂಡವನಿಗೆ ಬೀಜವಿಲ್ಲ ಎಂಬ ಅಪ್ಪನ ಪದ್ಧತಿ ನೆನಪಾಗಿ, ಹಾಗೇ ವಾಪಸು ಲಕೋಟೆಗೆ ತುಂಬಿ, ಒಳಗೆ ಹೋಗಿ ಫ್ರೀಜರಿನ ಮೂಲೆಯಲ್ಲಿಟ್ಟ.

ಆ ಎರಡು ಸಾಲಿಗೆ ಮೆಂತ್ಯ ಹಾಕಲೇ ಎಂದು ರುದ್ರಮ್ಮ ಕೇಳಿದಳು.

"ಬ್ಯಾಡ, ಖಾಲಿ ಇರ್ಲಿ," ಎಂದು ಮುರುಗೆಪ್ಪ ಶೆಡ್ಡಿನ ಕಡೆ ನಡೆದ.