ಗುನ್ನದ ನಾಲ್ಕನೆಯ ಚೀಟಿ

ನಿಘಂಟು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಚೀಟಿ ಬರೆಯುತ್ತಿದ್ದೇನೆ. ಒಂದು ಅರ್ಥಕ್ಕೆ ಒಂದು ಚೀಟಿ, ಕೆಳಗೆ ಆ ಅರ್ಥ ಹೇಳಿದವರ ಹೆಸರು, ಕಸುಬು. ಸಾಕ್ಷಿಯಿಲ್ಲದ ಅರ್ಥ ನಿಘಂಟಿಗೆ ಸೇರುವಂತಿಲ್ಲವೆಂದು ನಮ್ಮ ಸಂಪಾದಕರು ದಿನಕ್ಕೆ ಹತ್ತು ಸಲ ನನ್ನ ತಲೆ ತಿನ್ನುತ್ತಾರೆ.

ಆ ದಿನ ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಬಂದು 'ಗುನ್ನ' ಎಂದರೇನು ಎಂದು ಕೇಳಿದರು. 'ಅವನಿಗೆ ಗುನ್ನ ಇಡಿ' ಎಂದು ಯಾರೋ ಮೆಸೇಜ್ ಕಳಿಸಿದ್ದರಂತೆ, ಮರುದಿನ ಒಬ್ಬನ ಕೊಲೆಯಾಗಿತ್ತು. ಸಂಪಾದಕರಿಗೆ ಅಷ್ಟೇ ಸಾಕಿತ್ತು. ಸೋತವನ ಬುಗುರಿಗೆ ಗೆದ್ದವನು ಮೊಳೆಯಿಂದ ಕುಕ್ಕುವ ತೂತು ಮೊದಲ ಅರ್ಥ, ಅಲ್ಲಿಂದ ಮೋಸ, ಅಲ್ಲಿಂದ ಕೆಲಸ ಕೆಡಿಸುವುದು ಎಂದು ಪಾಠವನ್ನೇ ಶುರುಮಾಡಿದರು. ನಾಲ್ಕನೆಯದು ಚಾಕು ಹಾಕುವುದು.

"ಈ ನಾಲ್ಕನೇದು ನಿಮಗೆ ಹೇಳಿದ್ದು ಯಾರು?" ಎಂದರು ಇನ್‌ಸ್ಪೆಕ್ಟರ್.

ಹೇಳಿದ್ದು ನನ್ನ ತಮ್ಮ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ, ಇರುವೆ ಕಂಡರೂ ದಾಟಿ ಹೋಗುವ ಪ್ರಾಣಿ. ಗಿರಾಕಿಗಳು ಆಡಿಕೊಂಡದ್ದನ್ನು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿ, ನನ್ನ ಹೆಸರು ಹಾಕಬೇಡ ಅಕ್ಕ ಎಂದಿದ್ದ. ನಾನೋ ದೊಡ್ಡ ನಿಯಮದವಳು, ಹಾಕಿದ್ದೆ. ಕೊಲೆ ನಡೆದದ್ದು ಆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ಈ ಚೀಟಿ ಸಿಕ್ಕರೆ ಅವನನ್ನು ಎಳೆದುಕೊಂಡು ಹೋಗುತ್ತಾರೆ. ಅದೂ ಅಲ್ಲದೆ ಅವನು ದಿನಾ ಒಂದು ಗಂಟೆಗೆ ನನ್ನ ಜೊತೆ ಊಟಕ್ಕೆ ಈ ಕಚೇರಿಗೇ ಬರುತ್ತಿದ್ದ.

ಹುಡುಕುತ್ತೇನೆಂದು ಒಳಗೆ ಹೋದೆ. ಡ್ರಾಯರ್ ಎಳೆದೆ. ಚೀಟಿಯನ್ನು ಮಡಚಿ ಊಟದ ಡಬ್ಬಿಗೆ ತುರುಕಿದೆ. ಹೊರಗೆ ಬಂದು, ಸಿಗುತ್ತಿಲ್ಲ, ಇಲಿ ತಿಂದಿರಬೇಕು ಎಂದೆ. ಇನ್‌ಸ್ಪೆಕ್ಟರ್ ನನ್ನನ್ನೊಮ್ಮೆ ನೋಡಿ ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿ ಎದ್ದರು. ಹನ್ನೆರಡು ಐವತ್ತು. ಬೇಗ ತೊಲಗಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಸಂಪಾದಕರ ಮುಖ ಮಾತ್ರ ಕೆಂಪಾಗಿತ್ತು. "ಕೂತ್ಕೊಳ್ಳಿ ಸ್ವಾಮಿ. ನಮ್ಮಲ್ಲಿ ಚೀಟಿ ಕಳೆದುಹೋಗೋ ಮಾತೇ ಇಲ್ಲ."

ಅವರು ತಮ್ಮ ಬೀರುವಿನ ಬೀಗ ತೆಗೆದರು. ಪ್ರತಿ ಚೀಟಿಗೂ ಒಂದು ಕಾರ್ಬನ್ ಪ್ರತಿ ಅಲ್ಲಿರುತ್ತದೆ. ಹನ್ನೊಂದು ವರ್ಷ ಆ ಕಾರ್ಬನ್ ಹಾಳೆ ಇಟ್ಟವಳು ನಾನೇ, ಹೆದರಿಕೆಯಲ್ಲಿ ಮರೆತೇಬಿಟ್ಟಿದ್ದೆ.

ಕನ್ನಡಕ ಹಾಕಿಕೊಂಡು ಹೆಮ್ಮೆಯಿಂದ ಓದಿದರು: ಹೆಸರು, ಕಸುಬು, ಅಂಗಡಿ. ಕೊನೆಯ ಸಾಲಿಗೆ ಬಂದಾಗ ಅವರ ದನಿ ಉಡುಗಿತು. ನನ್ನದೇ ದುಂಡಗಿನ ಅಕ್ಷರದಲ್ಲಿ, 'ಬರೆದವಳ ತಮ್ಮ' ಎಂದಿತ್ತು.

ಇನ್‌ಸ್ಪೆಕ್ಟರ್ ಮತ್ತೆ ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ತಮ್ಮ ಈಗ ಎಲ್ಲಿದಾನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿಸಿತು.