ಸೂಪಮ್ಮನ ಅಂಗಡಿಯಲ್ಲಿ ನಾಯಿಗೆ ಮೂಳೆ ಸಿಗುವುದಿಲ್ಲ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೂಪಿನ ಅಂಗಡಿ ಇಟ್ಟಿದ್ದ ಹೆಂಗಸನ್ನು ಎಲ್ಲರೂ ಸೂಪಮ್ಮ ಅಂತಲೇ ಕರೆಯುತ್ತಿದ್ದರು. ಸಂಜೆ ಐದಕ್ಕೆ ಅಂಗಡಿ ತೆರೆದರೆ ಏಳರೊಳಗೆ ಪಾತ್ರೆ ಖಾಲಿ. ಆದರೆ ಸೂಪಿಗಿಂತ ಹೆಚ್ಚು ಗಿರಾಕಿ ಇದ್ದದ್ದು ಅಂಗಡಿ ಮುಂದಿನ ನೀಲಿ ಬಕೆಟ್ಟಿಗೆ. ಬೇಯಿಸಿದ ಮೂಳೆಗಳನ್ನು ಸೋಸಿ ತೆಗೆದು ಅವಳು ಅದರಲ್ಲಿ ಹಾಕುತ್ತಿದ್ದಳು. ನಾಯಿ ಸಾಕಿದವರು ಹೋಗುವಾಗ ಎರಡೆರಡು ಮೂಳೆ ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಕೇಳಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ. ಬೀದಿಯ ನಾಯಿಗಳಿಗೆಲ್ಲ ತಾನೇ ತಾಯಿ ಅನ್ನುವ ಜಂಭ ಸೂಪಮ್ಮನಿಗೆ.

ಅವಳದೇ ಒಂದು ನಾಯಿ ಇತ್ತು, ಸರದಾರ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ ಉಳಿದವರು ಗಂಡ ಮತ್ತು ಸರದಾರ ಇಬ್ಬರೇ. ಗಂಡ ತಿರುಗಿ ಮಾತಾಡುತ್ತಿದ್ದ, ಸರದಾರ ಆಡುತ್ತಿರಲಿಲ್ಲ. ಪ್ರೀತಿ ಯಾರ ಮೇಲೆ ಹೆಚ್ಚಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಇತ್ತೀಚೆಗೆ ಒಂದು ತಾಪತ್ರಯ ಶುರುವಾಗಿತ್ತು. ಸರದಾರ ಆಕಳಿಸಿದರೆ ಸಾಕು, ಹತ್ತಿರ ಕೂತ ಗಿರಾಕಿ ಬಟ್ಟಲು ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದ. ಅಷ್ಟು ವಾಸನೆ. ಸೂಪಮ್ಮ ಅದಕ್ಕೆ ತನಗೆ ತಿಳಿದ ಮದ್ದು ಮಾಡಿದಳು. ದಿನಕ್ಕೆ ಒಂದು ಮೂಳೆ ಕೊಡುತ್ತಿದ್ದವಳು ಎರಡು ಕೊಡತೊಡಗಿದಳು.

ಒಂದು ಸಂಜೆ ಅವಳ ನಾದಿನಿ ಬಂದಳು. ಈ ನಾದಿನಿ ಹದಿನೆಂಟು ವರ್ಷದಿಂದ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಬಂದವಳೇ ಅತ್ತಿಗೆಯನ್ನು ಮಾತಾಡಿಸುವ ಮೊದಲು ಸರದಾರನ ತುಟಿ ಎತ್ತಿ ನೋಡಿದಳು.

"ಅತ್ತಿಗೆ, ಇಲ್ಲಿ ಬನ್ನಿ. ಒಸಡು ಎಷ್ಟು ಕೆಂಪಾಗಿದೆ ನೋಡಿ. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ಕಲ್ಲಾಗಿದೆ."

"ಅದಕ್ಕೇ ಅಲ್ವೇನೇ ಮೂಳೆ ಕೊಡ್ತಿರೋದು? ಮೂಳೆನೇ ಅವನಿಗೆ ಬ್ರಷ್ಷು."

"ಇದು ಬ್ರಷ್ಷಲ್ಲ ಅತ್ತಿಗೆ, ಸುತ್ತಿಗೆ." ನಾದಿನಿ ಬಕೆಟ್ಟಿನಿಂದ ಒಂದು ದಪ್ಪ ಕಾಲುಮೂಳೆ ತೆಗೆದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ ತನ್ನ ಅಣ್ಣನ, ಅಂದರೆ ಸೂಪಮ್ಮನ ಗಂಡನ ಕಡೆ ತಿರುಗಿದಳು. "ಅಣ್ಣಾ, ಕಾಲು ಚಾಚು."

"ಯಾಕೆ?"

"ಇದರಲ್ಲಿ ನಿನ್ನ ಮೊಣಕಾಲ ಚಿಪ್ಪಿಗೆ ಒಂದು ಬಾರಿಸ್ತೀನಿ."

ಅಣ್ಣ ಎರಡೂ ಕಾಲನ್ನು ಸ್ಟೂಲಿನ ಮೇಲೆ ಎಳೆದುಕೊಂಡ. "ಏನೇ ಆಗಿದೆ ನಿನಗೆ!"

"ನೋಡಿದ್ರಾ ಅತ್ತಿಗೆ? ಮೊಣಕಾಲಿಗೆ ಬಡಿದ್ರೆ ನೋವಾಗುತ್ತೆ ಅಂತ ಹೆದರಿಕೆ ಆಗೋ ಅಂಥ ಗಟ್ಟಿ ವಸ್ತು ಯಾವುದನ್ನೂ ನಾಯಿಗೆ ಕಡಿಯೋಕೆ ಕೊಡಬಾರದು. ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸ್ವಲ್ಪನಾದ್ರೂ ಗುರುತು ಬೀಳಬೇಕು. ಬೀಳದೇ ಇದ್ರೆ ಅದು ಹಲ್ಲನ್ನೇ ಮುರಿಯುತ್ತೆ. ಮೂಳೆ ಇರಲಿ, ಕೊಂಬಿರಲಿ, ಗೊರಸಿರಲಿ, ಎಲ್ಲಾ ಒಂದೇ."

ಸೂಪಮ್ಮ ಸೌಟನ್ನು ಪಾತ್ರೆಗೆ ಠಣ್ಣೆಂದು ಬಡಿದಳು. "ಅದನ್ನ ಹಸಿ ಮೂಳೆ ಕೊಡೋರಿಗೆ ಹೇಳು. ನಂದು ಎಂಟು ಗಂಟೆ ಬೆಂದಿರೋದು. ಬೆಣ್ಣೆ ಇದ್ದಂಗಿದೆ!"

ನಾದಿನಿ ಒಂದು ಸಣ್ಣ ಪಕ್ಕೆಲುಬು ತೆಗೆದು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಚಟ್ ಅಂತ ಮುರಿಯಿತು. ಮುರಿದ ತುದಿಗಳು ಸೂಜಿಯ ಹಾಗೆ ಚೂಪಾಗಿದ್ದವು.

"ಬೆಣ್ಣೆ ಹೀಗೆ ಮುರಿಯುತ್ತಾ? ಬೇಯಿಸಿದ ಮೂಳೆ ಒಣಗಿ ಸೀಳುತ್ತೆ ಅತ್ತಿಗೆ. ಚೂರು ಬಾಯಲ್ಲಿ ಸಿಕ್ಕೊಳ್ಳುತ್ತೆ, ಗಂಟಲಲ್ಲಿ ಚುಚ್ಚುತ್ತೆ, ಹೊಟ್ಟೆಗೆ ಹೋದ್ರೆ ಕರುಳು ತೂತಾಗಬಹುದು. ಹಸಿದಾದ್ರೆ ಸರಿ ಅಂತಲ್ಲ. ಅದೂ ಹಲ್ಲು ಮುರಿಯುತ್ತೆ, ಜೊತೆಗೆ ರೋಗಾಣು ಬೇರೆ."

ಅಷ್ಟು ಹೊತ್ತು ಸೂಪು ಹೀರುತ್ತಾ ಕೇಳಿಸಿಕೊಳ್ಳುತ್ತಿದ್ದ ಎದುರು ಅಂಗಡಿಯ ಟೈಲರ್ ಈಗ ಬಾಯಿ ಹಾಕಿದ. ಇವನಿಗೆ ಬೀದಿಯವರು ಕತ್ತರಿ ಮಾಸ್ಟ್ರು ಅಂತ ಹೆಸರಿಟ್ಟಿದ್ದರು. ಬಟ್ಟೆ ಕತ್ತರಿಸುವುದಕ್ಕಿಂತ ಜನರ ಮಾತು ಕತ್ತರಿಸುವುದರಲ್ಲಿ ಅವನು ಗಟ್ಟಿಗ. "ನಾಯಿಗೂ ಹಲ್ಲಿನ ಚಿಂತೆ! ಇನ್ನು ಬೆಕ್ಕಿಗೆ ಕನ್ನಡಕ ಹಾಕಿಸಿ, ಕೋಳಿಗೆ ಚಪ್ಪಲಿ ಹೊಲಿಸಿ!"

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸೂಪಮ್ಮನೂ ನಕ್ಕಳು, ಆದರೆ ಒಳಗೊಳಗೇ ಕುದಿಯುತ್ತಿದ್ದಳು. ಗಿರಾಕಿಗಳ ಎದುರಿಗೆ, ತನ್ನದೇ ಅಂಗಡಿಯಲ್ಲಿ ನಿಂತು, ತನ್ನ ಮೂಳೆಗೆ ಹೆಸರಿಡುತ್ತಾಳಲ್ಲ ಇವಳು! ಬಕೆಟ್ಟಿಗೆ ಕೈ ಹಾಕಿ ಎಲ್ಲಕ್ಕಿಂತ ದೊಡ್ಡ ಎರಡು ಮೂಳೆ ಆರಿಸಿದಳು. ನಾದಿನಿ ನೋಡುತ್ತಿರುವಾಗಲೇ ಸರದಾರನ ಮುಂದೆ ಹಾಕಿದಳು.

"ತಿನ್ನೋ ನನ್ನ ರಾಜಾ. ಯಾರೇನು ಅಂತಾರೋ ನಾನೂ ನೋಡ್ತೀನಿ."

ಸರದಾರ ಬಾಲ ಅಲ್ಲಾಡಿಸುತ್ತಾ ತಿಂದ. ನಾದಿನಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಸರದಾರ ಹಾಲು ಕುಡಿಯಲು ಬರಲಿಲ್ಲ. ಸೂಪಮ್ಮ ಹಿತ್ತಲಿಗೆ ಹೋಗಿ ನೋಡಿದರೆ, ಮುಖವನ್ನು ಗೋಡೆಗೆ ಉಜ್ಜುತ್ತಾ, ಮುಂಗಾಲಿನಿಂದ ಬಾಯಿ ಕೆರೆಯುತ್ತಾ ಒದ್ದಾಡುತ್ತಿದ್ದ. ಜೊಲ್ಲು ಸುರಿಯುತ್ತಿತ್ತು, ಜೊಲ್ಲಿನಲ್ಲಿ ರಕ್ತ. ಅವಳು ಗಂಡನನ್ನು ಕೂಗಿ ಕರೆದಳು. ಗಂಡ ಹಿಡಿದುಕೊಂಡ, ಅವಳು ಬಾಯಿ ಬಿಡಿಸಿದಳು. ಮೂಳೆಯ ಚೂರೊಂದು ಮೇಲ್ದವಡೆಯ ಎಡ ಬಲ ಹಲ್ಲುಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು.

ಫೋನಿನಲ್ಲಿ ನಾದಿನಿ ಹೇಳಿದ್ದು ಇಷ್ಟೇ: "ಎಳೆಯೋಕೆ ಹೋಗ್ಬೇಡಿ. ಹಾಗೇ ಕರ್ಕೊಂಡು ಬನ್ನಿ."

ಸೂಪಿನ ಪಾತ್ರೆ ಸಾಗಿಸುವ ತಳ್ಳುಗಾಡಿಯಲ್ಲಿ ಗೋಣಿಚೀಲ ಹಾಸಿ, ಸರದಾರನನ್ನು ಮಲಗಿಸಿ, ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆವರೆಗೆ ತಳ್ಳಿಕೊಂಡು ಹೋದರು. ದಾರಿಯಲ್ಲಿ ಯಾರೋ ಈ ಹೊತ್ತಿಗೇ ಸೂಪು ಬಂತಾ ಅಂತ ಕೇಳಿದರು. ಸೂಪಮ್ಮ ಗಾಡಿಯನ್ನು ಇನ್ನೂ ಜೋರಾಗಿ ತಳ್ಳಿದಳು.

ಮತ್ತಿನ ಮದ್ದು ಕೊಟ್ಟು ಚೂರು ತೆಗೆದರು. ಮೇಲಿನ ದೊಡ್ಡ ದವಡೆಹಲ್ಲು ಸೀಳಿ ಒಳಗಿನ ನರ ಕಾಣುತ್ತಿತ್ತು, ಅದನ್ನೂ ಕೀಳಬೇಕಾಯಿತು. ಎಕ್ಸ್‌ರೇ ನೋಡಿ ಡಾಕ್ಟರಮ್ಮ, "ಹೊಟ್ಟೆಯಲ್ಲೂ ಒಂದು ಚೂರಿದೆ. ಎರಡು ದಿನ ಕಾಯೋಣ. ತಾನಾಗಿ ಹೊರಗೆ ಹೋದ್ರೆ ಒಳ್ಳೇದು. ಹೋಗದಿದ್ರೆ ಹೊಟ್ಟೆ ಕೊಯ್ಯಬೇಕು, ಉಳೀತಾನೆ ಅಂತ ಈಗಲೇ ಹೇಳೋಕಾಗಲ್ಲ" ಅಂದರು.

ಸೂಪಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ನಾದಿನಿ ಪಕ್ಕಕ್ಕೆ ಬಂದು ಕೂತಾಗ ಅವಳಿಗೆ ಅಳು ತಡೆಯಲಾಗಲಿಲ್ಲ. "ಅವನು ಕೇಳಿರಲಿಲ್ಲ ಕಣೇ. ಅವನಿಗೆ ಹಸಿವೂ ಇರಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ನಾನೇ ಕರೆದು ಹಾಕಿದೆ."

ನಾನು ನಿನ್ನೆಯೇ ಹೇಳಿರಲಿಲ್ಲವಾ ಅಂತ ಕೇಳುವುದಕ್ಕೆ ನಾದಿನಿಗೆ ಪೂರ್ತಿ ಹಕ್ಕಿತ್ತು. ಅವಳು ಹಾಗೆ ಕೇಳಲಿಲ್ಲ. "ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡಿದ್ದೀರಾ ಅತ್ತಿಗೆ?" ಅಂತ ಕೇಳಿದಳು.

ಎರಡು ದಿನ ಅಂಗಡಿ ತೆರೆಯಲಿಲ್ಲ, ಸೂಪಮ್ಮ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾದಿನಿ ಒಳಗಿಂದ ಓಡಿ ಬಂದು, ಚೂರು ಹೊರಗೆ ಬಿತ್ತು, ಸರದಾರ ಗಂಜಿ ನೆಕ್ಕಿದ ಅಂತ ಹೇಳಿದಳು. ಸೂಪಮ್ಮ ಅವಳ ಎರಡೂ ಕೈ ಹಿಡಿದು, "ಈಗ ಹೇಳು, ಅವನಿಗೆ ನಾನು ಏನು ಕೊಡಬೇಕು? ಇವತ್ತು ನೀನು ಹೇಳಿದ್ದನ್ನೆಲ್ಲ ಕೇಳ್ತೀನಿ" ಅಂದಳು.

"ಒತ್ತಿದ್ರೆ ಬಗ್ಗೋ ರಬ್ಬರಿನ ಆಟಿಕೆ ಕೊಡಿ. ಒಳಗೆ ಬೇಯಿಸಿದ ಕುಂಬಳಕಾಯಿ ತುಂಬಿದ್ರೆ ಗಂಟೆಗಟ್ಟಲೆ ನೆಕ್ತಾನೆ. ಒಂದೇ ಸಲ ನುಂಗೋಕಾಗದಷ್ಟು ದೊಡ್ಡದಿರಬೇಕು. ಕಚ್ಚಿ ಚೂರಾದ್ರೆ ಎತ್ತಿ ಬಿಸಾಕಬೇಕು. ಹಲ್ಲಿಗೆ ಅಂತ ಮಾಡಿದ ಮೆತ್ತನೆ ಚ್ಯೂ, ಅಂದ್ರೆ ಅಗಿಯೋ ತಿನಿಸು ಸಿಗುತ್ತೆ, ಅವನ ತೂಕಕ್ಕೆ ಯಾವುದು ಸರಿ ಅಂತ ಡಾಕ್ಟರನ್ನ ಕೇಳಿ ತಗೊಳ್ಳಿ. ಒಣ ಚರ್ಮದ ತುಂಡು ಬೇಡ, ನೆನೆದು ಉಬ್ಬಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಏನೇ ಕೊಟ್ರೂ ನಿಮ್ಮ ಕಣ್ಣೆದುರಿಗೇ ತಿನ್ನಬೇಕು."

"ಅಷ್ಟಾದ್ರೆ ಹಲ್ಲು ಸರಿ ಇರುತ್ತಾ?"

"ಎಲ್ಲಕ್ಕಿಂತ ಒಳ್ಳೇದು ಬ್ರಷ್ಷೇ. ನಾಯಿಗೆ ಅಂತಲೇ ಬೇರೆ ಪೇಸ್ಟ್ ಇದೆ. ನಮ್ಮದು ಹಾಕಬೇಡಿ, ನಾಯಿಗಳು ಉಗುಳಲ್ಲ, ನುಂಗ್ತವೆ, ಅದು ಅವಕ್ಕೆ ವಿಷ. ಮೊದಲು ಬೆರಳಿಗೆ ಬಟ್ಟೆ ಸುತ್ತಿ ರೂಢಿ ಮಾಡಿಸಿ. ವರ್ಷಕ್ಕೊಂದು ಸಲ ಇಲ್ಲಿಗೆ ಕರ್ಕೊಂಡು ಬಂದು ಬಾಯಿ ತೋರಿಸಿ."

ಆವತ್ತು ಸಂಜೆ ಅಂಗಡಿ ತೆರೆಯಿತು. ನೀಲಿ ಬಕೆಟ್ಟು ಇರಲಿಲ್ಲ. ಅದರ ಜಾಗದಲ್ಲಿ ಮುಚ್ಚಳ ಬಿಗಿದು ಕಲ್ಲು ಹೇರಿದ ಕಸದ ಡ್ರಮ್ಮು. ಗಂಡನ ಕೈಯಲ್ಲಿ ಬರೆಸಿದ ಹಲಗೆಯೂ ಒಂದಿತ್ತು: 'ಸೂಪು ಇದೆ. ನಾಯಿಗೆ ಮೂಳೆ ಇಲ್ಲ. ಜಗಳ ಆಡುವವರು ಆಡಬಹುದು.' ಸೂಪಮ್ಮನ ಮೊಂಡುತನ ಎಲ್ಲೂ ಹೋಗಿರಲಿಲ್ಲ, ಪಕ್ಷ ಬದಲಾಯಿಸಿತ್ತು ಅಷ್ಟೆ.

ಗಂಡನಿಗೂ ಸ್ವಲ್ಪ ಅಳುಕಿತ್ತು. "ಗಿರಾಕಿ ಕಮ್ಮಿ ಆಗ್ತಾರೆ ನೋಡೇ."

"ಆಗಲಿ ಬಿಡ್ರೀ. ಪಾತ್ರೆ ಖಾಲಿ ಆಗದಿದ್ರೆ ನಾವಿಬ್ಬರೇ ಕೂತು ಕುಡಿಯೋಣ."

ಜಗಳಕ್ಕೆ ಮೊದಲು ಬಂದವನು ಕತ್ತರಿ ಮಾಸ್ಟ್ರು. "ಇದೇನು ಸೂಪಮ್ಮಾ, ನಾದಿನಿ ಮಂತ್ರ ಹಾಕಿದಳಾ? ನಮ್ಮಪ್ಪನ ಕಾಲದಿಂದ ನಾಯಿಗಳು ಮೂಳೆ ತಿಂತಾನೇ ಇವೆ. ಏನಾಗಿದೆ?"

"ನಿಮ್ಮಪ್ಪನ ಕಾಲದ ನಾಯಿಗಳು ಹೇಗೆ ಸತ್ತವು ಅಂತ ಯಾರಾದ್ರೂ ಬಾಯಿ ಬಿಡಿಸಿ ನೋಡಿದ್ರಾ?"

ಮಾಸ್ಟ್ರು ಹೊರಟು ನಿಂತ. "ಆಚೆ ಬೀದಿ ಅಂಗಡೀಲಿ ಕೊಡ್ತಾರೆ. ಅಲ್ಲಿಗೇ ಹೋಗ್ತೀನಿ."

"ಧಾರಾಳವಾಗಿ ಹೋಗಿ. ಸೂಪೂ ಅಲ್ಲೇ ಕುಡೀರಿ. ಆದ್ರೆ ಹೋಗೋಕೆ ಮುಂಚೆ ನಿಮ್ಮ ನಾಯಿ ರಾಣಿಯ ಬಾಯಿ ಒಂದು ಸಲ ನನಗೆ ತೋರಿಸಿ."

ಅಂದವಳೇ ಸೌಟು ಹಿಡಿದುಕೊಂಡೇ ರಸ್ತೆ ದಾಟಿದಳು. ಬೆಂಚಿನವರೆಲ್ಲ ಬಟ್ಟಲು ಹಿಡಿದು ಹಿಂದೆ ಬಂದರು. ಮಾಸ್ಟ್ರ ಹೆಣ್ಣುನಾಯಿ ರಾಣಿ ಹೊಲಿಗೆ ಮೆಷಿನ್ನಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಮಲಗಿತ್ತು. ಸೂಪಮ್ಮ ಸೌಟು ಕೆಳಗಿಟ್ಟು, ತಲೆ ಸವರಿ, ನಾದಿನಿ ಮಾಡಿದ ಹಾಗೇ ನಿಧಾನವಾಗಿ ತುಟಿ ಎತ್ತಿದಳು. ಎಡಗಡೆಯ ದೊಡ್ಡ ಹಲ್ಲು ಅರ್ಧಕ್ಕೆ ಸೀಳಿತ್ತು. ಸುತ್ತ ಕೀವು ಕಟ್ಟಿತ್ತು. ಅವಳ ಬೆರಳು ತಾಗಿದ್ದೇ ತಡ, ರಾಣಿ ಕುಂಯ್ ಅಂದಿತು.

ಮಾಸ್ಟ್ರು ನೆಲದ ಮೇಲೆ ಕೂತುಬಿಟ್ಟ. "ಎರಡು ತಿಂಗಳಿಂದ ಒಂದೇ ಕಡೆ ಅಗೀತಿದ್ಲು ಕಣಮ್ಮಾ. ವಯಸ್ಸಾಯ್ತು ಅಂದ್ಕೊಂಡೆ. ಮೂಳೆ ಕೊಟ್ರೆ ಖುಷಿಯಾಗಿರ್ತಾಳೆ ಅಂತ ದಿನಾ ತಂದು ಕೊಡ್ತಿದ್ದೆ."

"ನನ್ನ ಬಕೆಟ್ಟಿಂದಲೇ ತಂದು ಕೊಟ್ರಿ," ಅಂದಳು ಸೂಪಮ್ಮ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ತಪ್ಪು ಇಬ್ಬರದ್ದೂ ಇದೆ. ಏಳಿ, ತಳ್ಳುಗಾಡಿ ಇದೆ. ನನ್ನ ನಾದಿನಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ."

ಆವತ್ತು ಸೂಪು ಬಡಿಸಿದ್ದು ಗಂಡ. ಆಚೆ ಬೀದಿಯ ಅಂಗಡಿಯವನು ಸೂಪಮ್ಮನಿಗೆ ತಲೆ ಕೆಟ್ಟಿದೆ ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಅವಳು ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ವಾರಕ್ಕೊಮ್ಮೆ ಅವನ ಅಂಗಡಿ ಮುಂದೆಯೇ ನಿಂತು, ಮೂಳೆ ಕಟ್ಟಿಸಿಕೊಳ್ಳುವವರನ್ನು ತಡೆದು, ಉಗುರು ಒತ್ತಿ ನೋಡಿ ಅನ್ನುತ್ತಾಳೆ. ಕೆಲವರು ಬೈಯುತ್ತಾರೆ, ಕೆಲವರು ಒತ್ತಿ ನೋಡುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ನಾಯಿ ಇದ್ದರೆ ಇವತ್ತೇ ಅದರ ತುಟಿ ಎತ್ತಿ ನೋಡಿ. ಬಾಯಿ ವಾಸನೆ, ಕೆಂಪು ಒಸಡು, ಜೊಲ್ಲಿನಲ್ಲಿ ರಕ್ತ, ಒಂದೇ ಕಡೆ ಅಗಿಯುವುದು, ಇದರಲ್ಲಿ ಯಾವುದು ಕಂಡರೂ ಪ್ರಾಣಿಗಳ ಡಾಕ್ಟರ ಹತ್ತಿರ ಹೋಗಿ. ಊಟದ ತಟ್ಟೆಯಲ್ಲಿ ಉಳಿದ ಮೂಳೆಯನ್ನು ನಾಯಿಗೆ ಹಾಕಬೇಡಿ. ಪಾಪ, ಒಂದೇ ಒಂದು ಅಂತ ಮನೆಯ ಹಿರಿಯರು ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಪಕ್ಕದ ಮನೆಯವರು ನಗುತ್ತಾರೆ. ನಗಲಿ, ನೀವು ಜಗ್ಗಬೇಡಿ. ನೀವು ಪ್ರೀತಿಯಿಂದ ಕೊಟ್ಟರೂ ಸಿಟ್ಟಿನಿಂದ ಕೊಟ್ಟರೂ ನಾಯಿ ಬಾಲ ಅಲ್ಲಾಡಿಸಿಕೊಂಡೇ ತಿನ್ನುತ್ತದೆ. ಬೇಡ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದರ ಪರವಾಗಿ ಬೇಡ ಅನ್ನಬೇಕಾದವರು ನೀವೇ.