ದೊರೆಯ ಉಪವಾಸ

ದೊರೆ ತಲೆಕೆಳಗಾಗಿ ತೇಲುತ್ತಿರುವುದನ್ನು ಬೆಳಗ್ಗೆ ಹಲ್ಲುಜ್ಜುತ್ತ ಮೊದಲು ಕಂಡವನು ಟೈಲರ್. ಗಾಬರಿಯಾಗಬೇಕಿತ್ತು, ಆಗಲಿಲ್ಲ. ಹೆಂಡತಿ ತೀರಿಕೊಂಡಂದಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಚಹಾ ಬಿಸಿಯಿದ್ದರೂ ಒಂದೇ, ಆರಿದರೂ ಒಂದೇ. ಸೂಜಿ ಬೆರಳಿಗೆ ಚುಚ್ಚಿದರೆ ಗಿರಾಕಿಯ ಬಟ್ಟೆಗೆ ರಕ್ತ ತಾಗೀತೆಂದು ಕೈ ಹಿಂದಕ್ಕೆಳೆಯುತ್ತಿದ್ದ, ನೋವಿಗಲ್ಲ. ಈಗಲೂ ಅಕ್ವೇರಿಯಂ ಮುಂದೆ ನಿಂತು, ಸರಿ, ಇದೂ ಹೊರಟಿತು ಅಂದುಕೊಂಡ.

ದೊರೆ ಸತ್ತಿರಲಿಲ್ಲ. ಉಬ್ಬಿದ ಹೊಟ್ಟೆ ಮೇಲೆ, ಬೆನ್ನು ಕೆಳಗೆ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಆ ಗೋಲ್ಡ್‌ಫಿಶ್‌ಗೆ ಹೆಸರಿಟ್ಟವಳು ಹೆಂಡತಿ. "ಕೆಲಸವಿಲ್ಲ, ಕಾರ್ಯವಿಲ್ಲ, ಹೊತ್ತಿಗೆ ಸರಿಯಾಗಿ ಊಟ ಬಾಯಿಗೇ ಬಂದು ಬೀಳಬೇಕು. ದೊರೆ ಅಲ್ಲದೆ ಮತ್ತೇನು?" ಅನ್ನುತ್ತಿದ್ದಳು. ಬೆಳಗ್ಗೆ ಗಾಜಿನ ಮೂಲೆಗೆ ಉಗುರಿನಿಂದ ಟಕ್ ಟಕ್ ಎಂದು ಬಡಿದರೆ ಸಾಕು, ದೊರೆ ಮೈಯೆಲ್ಲ ಬಾಲ ಮಾಡಿಕೊಂಡು ಓಡಿಬರುತ್ತಿತ್ತು. ಒಂದು ಚಿಟಿಕೆ ಹಾಕುವಳು. ಎಷ್ಟು ಗೋಗರೆದರೂ ಎರಡನೆಯ ಚಿಟಿಕೆ ಇಲ್ಲ. ಗಂಡನ ಮೂರನೆಯ ಲೋಟ ಚಹಾಕ್ಕೂ ಅದೇ ಕಾನೂನು.

ಮಗಳನ್ನು ಬಿಟ್ಟರೆ ಅವಳು ಸಾಕಿದ ಜೀವ ಅದೊಂದೇ. ಅದನ್ನು ಉಳಿಸಿಕೊಳ್ಳಬೇಕೆಂದು ಅವನ ತಲೆಗೆ ಗೊತ್ತಾಯಿತು; ಎದೆಗೆ ಸುದ್ದಿ ಮುಟ್ಟಲಿಲ್ಲ. ಬಾಯಿ ಮುಕ್ಕಳಿಸಿ, ಅಂಗಿ ತೊಟ್ಟು ಹೊರಟ.

ಮೀನಿನಂಗಡಿಯವನು ಬಾಯಿ ತೆರೆದರೆ ಮುಚ್ಚದ ಆಸಾಮಿ. ಮೊಬೈಲಿನಲ್ಲಿದ್ದ ಫೋಟೊ ನೋಡಿ, "ಹೊಟ್ಟೆ ಉಬ್ಬರ ಸಾರ್. ತಿಂದಿದ್ದು ಜಾಸ್ತಿಯಾಗಿದೆ. ನಮ್ಮ ಭಾವನಿಗೂ ಹೀಗೇ ಆಗುತ್ತೆ, ಅವನು ತೇಲಲ್ಲ ಅಷ್ಟೇ," ಅಂದ. "ಊಟ ಪೂರ್ತಿ ನಿಲ್ಲಿಸಿ. ನೀರು ಸ್ವಲ್ಪ ಸ್ವಲ್ಪ ಬದಲಾಯಿಸಿ. ನೀರಿಂದ ಮೇಲೆ ಕಾಣ್ತಿದೆಯಲ್ಲ ಹೊಟ್ಟೆ, ಅದು ಒಣಗದ ಹಾಗೆ ನೋಡ್ಕೊಳ್ಳಿ. ಉಬ್ಬರ ಇಳಿದ ಮೇಲೆ ಬೇಯಿಸಿದ ಬಟಾಣಿ, ಸಿಪ್ಪೆ ತೆಗೆದು, ಒಂದು ಚೂರು."

"ನಾನು ಹಾಕೋದು ಒಂದೇ ಚಿಟಿಕೆ."

"ಎಲ್ಲರೂ ಹಾಗೇ ಹೇಳೋದು. ಮನೇಲಿ ಅವರಿಗೂ ಹೇಳಿ. ಯಾವಾಗಲೂ ಅವರೇ ತಾನೆ ಬರ್ತಿದ್ದಿದ್ದು? ಈಚೆಗೆ ಕಾಣಲೇ ಇಲ್ಲ."

"ಊರಿಗೆ ಹೋಗಿದಾಳೆ," ಅಂದ ಟೈಲರ್.

ಹೀಗೆ ಹೇಳುವುದು ಅವನಿಗೆ ರೂಢಿಯಾಗಿತ್ತು. ಅವನ ಹೊಲಿಗೆ ಅಂಗಡಿಯಲ್ಲಿ ಗುಂಡಿ, ಕಾಜ, ಅಂಚು ಮಡಿಚುವುದು ಎಲ್ಲ ಅವಳ ಕೆಲಸವಾಗಿತ್ತು. ಸುದ್ದಿ ಗೊತ್ತಿಲ್ಲದ ಗಿರಾಕಿಗಳು ಕೇಳಿದಾಗಲೆಲ್ಲ ಅವಳನ್ನು ಊರಿಗೆ ಕಳಿಸುತ್ತಿದ್ದ. ಮನೆಯಲ್ಲಂತೂ ಆ ಮಾತೇ ಇಲ್ಲ. ಮಗಳೂ ಎತ್ತಳು, ಮೊಮ್ಮಗಳಿಗೆ ಆಸರೆಯಾಗಲೆಂದು ಬಂದು ಉಳಿದ ಅತ್ತೆಯೂ ಎತ್ತರು. ಮೂವರೂ ಬೇರೆ ಬೇರೆ ಹೊತ್ತಿಗೆ ಉಂಡು, ತಂತಮ್ಮ ತಟ್ಟೆ ತೊಳೆದಿಟ್ಟು, ಒಳ್ಳೆಯ ಬಾಡಿಗೆದಾರರ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದರು.

ಟೈಲರ್ ಕೆಲಸಕ್ಕೆ ಕೈಹಾಕಿದ. ಯಾರದೋ ಫ್ರಾಕಿಗೆ ತಂದು ಉಳಿದಿದ್ದ ನೆಟ್ ಬಟ್ಟೆಯಲ್ಲಿ ಅಂಗೈಯಗಲದ ಚೀಲವೊಂದನ್ನು ಹೊಲಿದ. ಅಳತೆ ಟೇಪು ಬೇಕಾಗಲಿಲ್ಲ, ಗಾಜಿನ ಮೇಲೆ ಬೆರಳಿಟ್ಟೇ ಅಳತೆ ತೆಗೆದುಕೊಂಡಿದ್ದ. ತಲೆ ಹೊರಗಿರಲೆಂದು ಕೊರಳು ತೆಗೆದ, ಬಾಲಕ್ಕೆ ಸೀಳು ಬಿಟ್ಟ, ಪಕ್ಕದ ರೆಕ್ಕೆಗಳಿಗೆ ಕಂಕುಳು ತೆಗೆದ. ದೊರೆಯನ್ನು ಅದರೊಳಗೆ ಸೇರಿಸಿ, ಮೂಲೆಗಳ ದಾರವನ್ನು ತಳದ ಕಲ್ಲಿಗೆ ಕಟ್ಟಿದ. ಹೊಟ್ಟೆ ನೀರೊಳಗೇ ಉಳಿಯಿತು. ಮೈಗೆ ಇಷ್ಟು ಸರಿಯಾಗಿ ಕೂರುವ ಉಡುಪನ್ನು ಅವನು ಈಚೆಗೆ ಯಾರಿಗೂ ಹೊಲಿದಿರಲಿಲ್ಲ. ಮೀನಿನ ಊಟದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ. ತಾನೇ ಮರೆತು ಚಿಟಿಕೆ ಹಾಕಿಬಿಡಬಾರದಲ್ಲ. ಉಪವಾಸದ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಮೊದಲು ಮಾತು ಶುರುಮಾಡಬೇಕಲ್ಲ.

ದಿನ ಕಳೆದರೂ ಹೊಟ್ಟೆ ಇಳಿಯಲಿಲ್ಲ. ಇಳಿಯುವುದಿರಲಿ, ಇನ್ನಷ್ಟು ಬಿಗಿಯಿತು. ಮೈಯ ಬಣ್ಣ ಕಂದಿತು. ಭಾನುವಾರ ಕೊಳವೆಯಿಟ್ಟು ತಳದ ನೀರನ್ನು ಬಕೆಟ್ಟಿಗೆ ಎಳೆಯುವಾಗ ನೀರಿನೊಂದಿಗೆ ನೆನೆದು ಉಬ್ಬಿದ ಬ್ರೆಡ್ಡಿನ ಚೂರುಗಳು ಬಂದವು. ಹಿಂದೆಯೇ ಕೆಂಪು ಕಾಳುಗಳು. ಅವನ ಜೇಬಿನ ಡಬ್ಬಿಯಲ್ಲಿದ್ದದ್ದು ಹಸಿರು ಚಕ್ಕೆ. ಟೈಲರ್ ಡಬ್ಬಿ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

ಸಂಜೆ ಮೂವರೂ ಅಡುಗೆಮನೆಯಲ್ಲಿ ಎದುರಾದ ಗಳಿಗೆ ನೋಡಿ ಕೇಳಿದ. "ದೊರೆಗೆ ಊಟ ಯಾರು ಹಾಕ್ತಿದ್ದೀರಿ?"

ತಟ್ಟೆ ಒರೆಸುತ್ತಿದ್ದ ಅತ್ತೆಯ ಕೈ ನಿಂತಿತು. "ಮಧ್ಯಾಹ್ನ ನಾನೊಂದು ಚೂರು ಬ್ರೆಡ್ ಹಾಕ್ತೀನಿ. ನಿಮಗೂ ಇವಳಿಗೂ ಯಾವುದರ ಮೇಲೂ ಗಮನ ಇಲ್ಲ. ಪಾಪ, ಅದು ಹಸ್ಕೊಂಡಿರುತ್ತಲ್ಲ ಅಂತ."

ಮಗಳು ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಕೆಂಪು ಕಾಳು. "ಕಾಲೇಜಿಂದ ಬಂದ ಮೇಲೆ ನಾನು ಹಾಕ್ತಿದ್ದೆ ಅಪ್ಪ. ಡಬ್ಬಿ ಕಾಣಲಿಲ್ಲ, ಅದಕ್ಕೇ ಇದನ್ನ ತಂದೆ."

"ಗಾಜಿಗೆ ಬಡೀತಿದ್ಯಾ?"

"ಹೂಂ. ಅಮ್ಮನ ಥರಾನೇ." ಅವಳು ಪೊಟ್ಟಣದ ಬಾಯಿ ಮಡಿಚಿದಳು. "ಅದಕ್ಕೆ ಗೊತ್ತಾಗಬಾರದು ಅಂತ."

"ನಾನೂ ಹಾಗೇ ಬಡೀತೀನಿ," ಅಂದರು ಅತ್ತೆ.

"ನಾನೂ," ಅಂದ ಟೈಲರ್.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ಮನೆಯಲ್ಲಿ ಜಗಳವೇನೋ ಇರಲಿಲ್ಲ. ಮಾತೇ ಇಲ್ಲದ ಮೇಲೆ ಜಗಳ ಎಲ್ಲಿಂದ ಬರಬೇಕು? ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಸತ್ತವಳ ಹಾಗೆ ಗಾಜು ಬಡಿದು, ಒಂದು ಬಡಪಾಯಿ ಮೀನಿಗೆ ಸುಳ್ಳು ಹೇಳಿ, ಅದನ್ನು ಸಾಯುವಷ್ಟು ಉಣ್ಣಿಸಿದ್ದರು. ಮೀನಿಗೆ ಮೂರು ಹೊತ್ತು ಬಡಿಸಿದ ಆ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಊಟ ಆಯ್ತಾ ಎಂದು ಕೇಳಿರಲಿಲ್ಲ.

ಆಮೇಲೆ ನಿಜವಾದ ಉಪವಾಸ ನಡೆಯಿತು. ಹೊಟ್ಟೆ ಇಳಿಯಿತು. ಚೀಲ ಬಿಚ್ಚಿದಾಗ ದೊರೆ ತೇಲಲಿಲ್ಲ, ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿತು. ಅತ್ತೆ ಬಟಾಣಿ ಬೇಯಿಸಿದರು, ಮಗಳು ಸಿಪ್ಪೆ ಸುಲಿದಳು. ಟೈಲರ್ ಅಕ್ವೇರಿಯಂ ಮುಂದೆ ಮಂಡಿಯೂರಿ, ಒಂದು ಚೂರನ್ನು ಚಿಮಟದಲ್ಲಿ ಹಿಡಿದು ನೀರಿಗಿಳಿಸಿದ. ಇವತ್ತು ತಿನ್ನದಿದ್ದರೆ ಉಳಿಯುವುದು ಕಷ್ಟವೆಂದು ಅಂಗಡಿಯವನು ಹೇಳಿದ್ದ.

ದೊರೆ ಅತ್ತ ತಿರುಗಲೂ ಇಲ್ಲ. ಅದು ಗಾಜಿನ ಮೂಲೆಗೆ ಮುಖಮಾಡಿ ನಿಂತಿತ್ತು.

"ಬಡಿ ಅಪ್ಪ," ಅಂದಳು ಮಗಳು. "ಬಡಿದರೆ ಬರುತ್ತೆ."

ಅವನ ಎಡಗೈ ಮೂಲೆಯವರೆಗೂ ಹೋಯಿತು. ಉಗುರು ಗಾಜಿಗೆ ತಾಗುವುದೊಂದು ಬಾಕಿ. ಕೈಯನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡ.

"ದೊರೆ," ಅಂದ. "ಅವಳು ಊರಿಗೆ ಹೋಗಿಲ್ಲ ಕಣೋ. ಸತ್ತುಹೋದಳು."

ಮಾತು ಹೊರಬಿದ್ದ ಮೇಲೆ ಅದನ್ನು ಕೇಳಿಸಿಕೊಂಡವನು ಅವನೇ. ಇಷ್ಟು ದಿನ ಎಲ್ಲೋ ನಿಂತಿದ್ದ ನೋವು ಬಂತು. ಎದೆಯಲ್ಲಿ ಬಂತು, ಸೂಜಿ ಚುಚ್ಚಿಸಿಕೊಂಡ ಬೆರಳುಗಳಲ್ಲೂ ಬಂತು. ಚಿಮಟ ಹಿಡಿದ ಕೈ ನಡುಗತೊಡಗಿತು. ನೀರು ಅಲುಗಿದ್ದಕ್ಕೋ ಏನೋ ದೊರೆ ತಿರುಗಿತು. ವಾಲಾಡುತ್ತ ಬಂದು, ಬಟಾಣಿಯನ್ನು ಒಮ್ಮೆ ಮೂಸಿದಂತೆ ಮಾಡಿ, ಬಾಯಿಗೆ ಹಾಕಿಕೊಂಡಿತು.

ಹಿಂದೆ ಮಗಳು ಅಳುತ್ತಿದ್ದಳು. ಟೈಲರ್ ಏಳಲಾರದೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮದುವೆಯಾದಾಗಿನಿಂದ ಅವನನ್ನು ನೀವು, ತಾವು ಎಂದೇ ಮಾತಾಡಿಸುತ್ತಿದ್ದ ಅತ್ತೆ ಬಂದು ಅವನ ರಟ್ಟೆ ಹಿಡಿದರು.

"ಏಳಪ್ಪ," ಅಂದರು. "ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ."